ಪಾಸಬಲ್ ಅಂದರೆ ಯಾರಿಗೆ?

ಇಂಗ್ಲಿಷಿನಲ್ಲಿ ದಾರಿಯ ಬಗ್ಗೆ ಹೇಳುವ ಒಂದು ಸಣ್ಣ ಪದ ಇದೆ: ಪಾಸಬಲ್. ದೊಡ್ಡ ಮಳೆ ಬಂದ ಮೇಲೆ, ಹಿಮ ಬಿದ್ದ ಮೇಲೆ, ಗುಡ್ಡ ಕುಸಿದ ಮೇಲೆ ರಸ್ತೆಯ ಸುದ್ದಿ ಬರುತ್ತದಲ್ಲ, ಅಲ್ಲಿ ಈ ಪದ ಕಾಣುತ್ತದೆ. ಪಾಸಬಲ್ ಅಂದರೆ ಹೋಗಬಹುದು. ಇಂಪಾಸಬಲ್ ಅಂದರೆ ಆಗುವುದಿಲ್ಲ. ಕೇಳುವುದಕ್ಕೆ ಎಷ್ಟು ಸ್ಪಷ್ಟ! ಆದರೆ ಈ ಪದ ಕಂಡಾಗಲೆಲ್ಲ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೋಗಬಹುದು ಸರಿ, ಯಾರು?

ರಸ್ತೆ ಅಗಲವಾಗಿದೆ ಅಂದರೆ ಅದು ರಸ್ತೆಯ ವಿಷಯ. ಟೇಪು ಹಿಡಿದು ಅಳೆಯಬಹುದು. ಪಾಸಬಲ್ ಹಾಗಲ್ಲ. ಹೋಗುವವರು ಯಾರು, ಜೊತೆಗೆ ಏನು ಭಾರ ಇದೆ, ಯಾವ ಹೊತ್ತಿಗೆ ಬಂದರು, ಯಾವ ಕಡೆಯಿಂದ ಬಂದರು, ಇಷ್ಟು ಗೊತ್ತಾಗದೆ ಆ ಪದಕ್ಕೆ ಅರ್ಥ ತುಂಬುವುದೇ ಇಲ್ಲ. ಪಾಸ್ ಎನ್ನುವುದರ ಬೇರು ಲ್ಯಾಟಿನ್ ಭಾಷೆಯ 'ಹೆಜ್ಜೆ'ಯಲ್ಲಿದೆ. ಹೆಜ್ಜೆ ಅಂದ ಮೇಲೆ ಅದು ಯಾರದೋ ಒಬ್ಬರದು ಆಗಿರಲೇಬೇಕು ಅಲ್ವಾ?

ಇದನ್ನು ಉತ್ತರ ಅಮೆರಿಕದ ನೆತ್ತಿಯ ಮೇಲಿರುವ ವಾಯವ್ಯ ಜಲಮಾರ್ಗದಷ್ಟು ಚೆನ್ನಾಗಿ ಹೇಳುವ ಜಾಗ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಕೆನಡಾದ ದ್ವೀಪಗಳ ನಡುವೆ ನುಸುಳಿ ಹೋಗುವ ದಾರಿ ಅದು. ಯುರೋಪಿನ ನಾವಿಕರು ಅದಕ್ಕಾಗಿ ಶತಮಾನಗಟ್ಟಲೆ ಹುಡುಕಾಡಿದರು. 1845ರಲ್ಲಿ ಬ್ರಿಟನ್ನಿನ ಜಾನ್ ಫ್ರಾಂಕ್ಲಿನ್ ಎರೆಬಸ್ ಮತ್ತು ಟೆರರ್ ಎಂಬ ಎರಡು ಹಡಗುಗಳ ಜೊತೆ ಹೊರಟ. ಆ ಕಾಲಕ್ಕೆ ಅವುಗಳಿಗಿಂತ ಗಟ್ಟಿ ಸಿದ್ಧತೆ ಇರಲಿಲ್ಲ. ಮೂತಿಗೆ ಕಬ್ಬಿಣದ ತಗಡು, ಒಳಗೆ ಉಗಿ ಎಂಜಿನ್, ವರ್ಷಗಟ್ಟಲೆ ಸಾಲುವಷ್ಟು ಆಹಾರ. 1846ರ ಸೆಪ್ಟೆಂಬರಿನಲ್ಲಿ ಕಿಂಗ್ ವಿಲಿಯಂ ದ್ವೀಪದ ಹತ್ತಿರ ಎರಡೂ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡವು. 1848ರ ಏಪ್ರಿಲ್‌ನಲ್ಲಿ ಉಳಿದವರು ಹಡಗು ಬಿಟ್ಟು ನಡೆದರು. 129 ಜನರಲ್ಲಿ ಒಬ್ಬರೂ ಮನೆ ಸೇರಲಿಲ್ಲ.

ಆ ದ್ವೀಪದ ಪಶ್ಚಿಮಕ್ಕೆ ನೀರು ಆಳ. ದೊಡ್ಡ ಹಡಗಿಗೆ ಅದೇ ಸಹಜವಾದ ದಾರಿ. ಆದರೆ ಉತ್ತರದಿಂದ ತೇಲಿ ಬರುವ ಹಳೆಯ ಮಂಜುಗಡ್ಡೆಯೂ ಅಲ್ಲೇ ಬಂದು ಒತ್ತರಿಸುತ್ತದೆ, ಕೆಲವು ಬೇಸಿಗೆಗಳಲ್ಲಿ ಕರಗುವುದೇ ಇಲ್ಲ. ಪೂರ್ವಕ್ಕೆ ಇನ್ನೊಂದು ಜಲಸಂಧಿ ಇದೆ. ದ್ವೀಪವೇ ಅಡ್ಡ ನಿಂತು ಮಂಜುಗಡ್ಡೆಯನ್ನು ತಡೆಯುವುದರಿಂದ ಅದು ಬೇಸಿಗೆಯಲ್ಲಿ ಬಿಡುವಾಗಿರುತ್ತದೆ. ಆದರೆ ಆ ಕಡೆ ನೀರಿನ ಆಳ ಕಡಿಮೆ, ಬಂಡೆಗಳು ಜಾಸ್ತಿ. ಅಂಥ ಸಂಧಿ ಇದೆ ಎಂದು ಅನ್ವೇಷಕ ಜಾನ್ ರೇ ಕಂಡುಕೊಂಡದ್ದು 1854ರಲ್ಲಿ, ನಡೆದಾಡಿಕೊಂಡು.

1903ರಲ್ಲಿ ನಾರ್ವೆಯ ರೋಆಲ್ಡ್ ಅಮುಂಡ್ಸೆನ್ ಆರು ಜನರನ್ನು ಕರೆದುಕೊಂಡು ಯೋವಾ ಎಂಬ ಸಣ್ಣ ಮೀನುಗಾರಿಕೆ ಹಡಗಿನಲ್ಲಿ ಹೊರಟ. ಉದ್ದ ಸುಮಾರು 21 ಮೀಟರ್, ಅಷ್ಟೇ. ಅವನು ಪೂರ್ವದ ಆಳವಿಲ್ಲದ ನೀರಿನ ದಾರಿ ಹಿಡಿದ. ಕಿಂಗ್ ವಿಲಿಯಂ ದ್ವೀಪದಲ್ಲೇ ಎರಡು ಚಳಿಗಾಲ ಕಳೆದ. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರಿಂದ ಬಟ್ಟೆ ಹೊಲಿಯುವುದು, ನಾಯಿಬಂಡಿ ನಡೆಸುವುದು ಕಲಿತ. 1906ರಲ್ಲಿ ಆ ಕಡೆಯ ಸಾಗರ ತಲುಪಿದ. ಹಡಗಿನಲ್ಲಿ ಈ ಮಾರ್ಗವನ್ನು ಪೂರ್ತಿ ದಾಟಿದ ಮೊದಲ ತಂಡ ಅದು. ಎರೆಬಸ್ ಮತ್ತು ಟೆರರ್‌ನಷ್ಟು ದೊಡ್ಡ ಹಡಗಾಗಿದ್ದರೆ ಆ ಸಂಧಿಗಳಲ್ಲಿ ನೆಲ ಹತ್ತಿ ಕೂರುತ್ತಿತ್ತು. ಸಣ್ಣದಾಗಿದ್ದೇ ಅದರ ಬಲ.

ಹಾಗಾದರೆ 1906ರಿಂದ ಆ ಮಾರ್ಗ ಪಾಸಬಲ್ ಆಯಿತೇ? ಸರಕು ಸಾಗಿಸುವವರಿಗೆ ಖಂಡಿತ ಇಲ್ಲ. ಅಲಾಸ್ಕಾದಲ್ಲಿ ಎಣ್ಣೆ ಸಿಕ್ಕ ಮೇಲೆ 1969ರಲ್ಲಿ ಮ್ಯಾನ್‌ಹಟನ್ ಎಂಬ ಭಾರೀ ಎಣ್ಣೆ ಹಡಗಿಗೆ ಮಂಜು ಒಡೆಯುವ ಮೂತಿ ಕಟ್ಟಿ ಕಳುಹಿಸಿದರು. 300 ಮೀಟರಿಗೂ ಉದ್ದದ ಹಡಗು. ಮೆಕ್ಲೂರ್ ಜಲಸಂಧಿಯ ಮಂಜುಗಡ್ಡೆ ಅದನ್ನು ಬಿಡಲಿಲ್ಲ. ಬೇರೆ ಸಂಧಿಯಲ್ಲಿ ಬಳಸಿಕೊಂಡು, ಮಂಜು ಒಡೆಯುವ ಕೆನಡಾದ ಹಡಗಿನ ನೆರವಿನಿಂದ ಹೇಗೋ ದಾಟಿತು. ದಾಟಿದ್ದು ನಿಜ. ಆದರೂ ಎಣ್ಣೆ ಕಂಪನಿಗಳು ಕೊನೆಗೆ ಆರಿಸಿಕೊಂಡದ್ದು ಅಲಾಸ್ಕಾದ ಉದ್ದಕ್ಕೂ ಹೋಗುವ ಕೊಳವೆ ದಾರಿಯನ್ನು. ಅದು 1977ರಲ್ಲಿ ಶುರುವಾಯಿತು. ಒಮ್ಮೆ ದಾಟಿ ತೋರಿಸುವುದು ಬೇರೆ, ದಿನಾ ದಾಟುವುದು ಬೇರೆ. ಪಾಸಬಲ್ ಎಂಬ ಪದ ಎರಡನ್ನೂ ಒಂದೇ ದನಿಯಲ್ಲಿ ಹೇಳಿಬಿಡುತ್ತದೆ.

ಕಾಲದ ಮಾತಿಗೆ ಸೇಂಟ್ ರಾಕ್ ಎಂಬ ಕೆನಡಾದ ಪೊಲೀಸ್ ಹಡಗು ಸಾಕ್ಷಿ. 1940ರಲ್ಲಿ ಪಶ್ಚಿಮದಿಂದ ಹೊರಟು ಪೂರ್ವದ ತೀರ ಮುಟ್ಟುವಷ್ಟರಲ್ಲಿ 1942 ಆಗಿತ್ತು. ನಡುವೆ ಮಂಜಿನಲ್ಲಿ ಚಳಿಗಾಲಗಳು ಕಳೆದವು. ಅದೇ ಹಡಗು 1944ರಲ್ಲಿ ವಾಪಸು ಹೋಗುವಾಗ ಬೇರೆ ಸಂಧಿ ಹಿಡಿದು 86 ದಿನದಲ್ಲಿ ಮುಗಿಸಿತು.

ಇಷ್ಟೂ ಹೊತ್ತು ಹಡಗಿನವರ ಕಣ್ಣಿನಿಂದ ನೋಡಿದ್ದಾಯಿತು. ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮಗ್ಗಲು. ಇನುಯಿಟ್ ಜನರಿಗೆ ಸಮುದ್ರದ ಮೇಲಿನ ಮಂಜುಗಡ್ಡೆಯೇ ರಸ್ತೆ. ಚಳಿಗಾಲದಲ್ಲಿ ನೀರು ಗಟ್ಟಿಯಾದಾಗ ಬೇಟೆಯ ಜಾಗಗಳಿಗೆ, ನೆಂಟರ ಊರುಗಳಿಗೆ ದಾರಿ ತೆರೆಯುತ್ತದೆ. ನಾಯಿಬಂಡಿ ಓಡುತ್ತದೆ, ಈಗ ಸ್ನೋಮೊಬೈಲ್ ಓಡುತ್ತದೆ. ಮಂಜು ತೆಳುವಾದರೆ ಆ ರಸ್ತೆ ಮುಚ್ಚಿತು. ಅಂದರೆ 'ವಾಯವ್ಯ ಜಲಮಾರ್ಗ ತೆರೆಯಿತು' ಎಂದು ಪತ್ರಿಕೆಗಳು ಬರೆಯುವ ದಿನವೇ, ಅದೇ ನೀರಿನ ಮೇಲೆ, ಇನ್ನೊಬ್ಬರ ದಾರಿ ಕಡಿದುಹೋಗಿರುತ್ತದೆ. 2016ರಲ್ಲಿ ಕ್ರಿಸ್ಟಲ್ ಸೆರೆನಿಟಿ ಎಂಬ ಪ್ರವಾಸಿ ಹಡಗು ಸಾವಿರದಷ್ಟು ಜನರನ್ನು ಕೂರಿಸಿಕೊಂಡು ಅಲ್ಲಿ ಹಾದುಹೋಯಿತು. ಆ ಸುದ್ದಿ ನನ್ನಲ್ಲಿ ಸಂತೋಷ ಹುಟ್ಟಿಸಲಿಲ್ಲ.

ಮಂಜುಗಡ್ಡೆಯ ರಸ್ತೆ ಅಂದರೆ ಬರೀ ಹಳೆಯ ಕಾಲದ ಮಾತಲ್ಲ. ಕೆನಡಾದ ವಾಯವ್ಯ ಭಾಗದ ವಜ್ರದ ಗಣಿಗಳಿಗೆ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಪ್ರತಿ ಚಳಿಗಾಲ ರಸ್ತೆ ಮಾಡುತ್ತಾರೆ. ವರ್ಷದಲ್ಲಿ ಕೆಲವೇ ವಾರ ಅದರ ಆಯುಸ್ಸು. ಮಂಜು ದಪ್ಪವಾದಂತೆ ಲಾರಿಗೆ ಹೊರೆಯ ಮಿತಿ ಏರಿಸುತ್ತಾ ಹೋಗುತ್ತಾರೆ. ತುಂಬಿದ ಲಾರಿ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಮೀರುವಂತಿಲ್ಲ. ಯಾಕೆಂದರೆ ಲಾರಿ ಓಡಿದಂತೆ ಮಂಜಿನ ಕೆಳಗಿನ ನೀರಿನಲ್ಲಿ ಅಲೆ ಏಳುತ್ತದೆ. ವೇಗ ಹೆಚ್ಚಾದರೆ ಆ ಅಲೆಯೇ ರಸ್ತೆಯನ್ನು ಒಡೆಯುತ್ತದೆ. ಒಂದೇ ದಿನ, ಒಂದೇ ರಸ್ತೆ, ಒಂದೇ ಲಾರಿ. ನಿಧಾನ ಹೋದರೆ ಪಾಸಬಲ್, ಜೋರಾಗಿ ಹೋದರೆ ಅಲ್ಲ.

ನೆರೆ ನೀರಿನಲ್ಲೂ ಹೀಗೆಯೇ. ಅಮೆರಿಕದ ಹವಾಮಾನ ಇಲಾಖೆ ಜನರಿಗೆ ಹೇಳುವ ಲೆಕ್ಕ ಸರಳ. ರಭಸದ ನೀರು 6 ಇಂಚು ಇದ್ದರೆ ಸಾಕು, ದೊಡ್ಡವರೇ ಕಾಲು ತಪ್ಪಿ ಬೀಳಬಹುದು. 12 ಇಂಚು ಇದ್ದರೆ ಸಣ್ಣ ಕಾರು ಕೊಚ್ಚಿಹೋಗಬಹುದು. 2 ಅಡಿ ಇದ್ದರೆ ಹೆಚ್ಚಿನ ವಾಹನಗಳ ಕಥೆ ಮುಗಿಯಿತು. ಹಿಮದ ಬೆಟ್ಟಗಳಲ್ಲಿ ರಸ್ತೆಗೆ ಅಡ್ಡ ಹರಿಯುವ ತೊರೆಗಳಿಗೆ ಇನ್ನೊಂದು ಗಡಿಯಾರ ಇದೆ. ಬೆಳಗ್ಗೆ ನೀರು ಕಡಿಮೆ. ಬಿಸಿಲು ಏರಿ ಮೇಲಿನ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ತೊರೆ ಉಕ್ಕುತ್ತದೆ. ಬೆಳಗ್ಗೆ ದಾಟಿ ಬಂದವರು ಹೇಳುವ 'ಹೋಗಬಹುದು' ಸುಳ್ಳಲ್ಲ. ಸಂಜೆ ನಂಬಿ ಹೊರಟವರಿಗೆ ಮಾತ್ರ ಅದು ಪ್ರಾಣಕ್ಕೆ ಬರಬಹುದು.

ಕಾನೂನಿಗೂ ಈ ಪ್ರಶ್ನೆ ಎದುರಾಗಿದೆ. ಯಾವ ನದಿಯನ್ನು ಹಡಗು ಹೋಗುವ ನದಿ ಅನ್ನಬೇಕು? ಇಂಗ್ಲೆಂಡಿನ ಹಳೆಯ ಲೆಕ್ಕ ಸಮುದ್ರದ ಭರತ ಇಳಿತ ಎಲ್ಲಿಯವರೆಗೆ ಮುಟ್ಟುತ್ತದೆ ಎನ್ನುವುದರ ಮೇಲೆ ನಿಂತಿತ್ತು. ಒಳನಾಡಿನಲ್ಲಿ ಸಾವಿರಾರು ಮೈಲಿ ಹರಿಯುವ ಅಮೆರಿಕದ ನದಿಗಳಿಗೆ ಅದು ಹೊಂದಲಿಲ್ಲ. ಮಿಷಿಗನ್‌ನ ಗ್ರ್ಯಾಂಡ್ ನದಿಯಲ್ಲಿ ಓಡುತ್ತಿದ್ದ ಡೇನಿಯಲ್ ಬಾಲ್ ಎಂಬ ಉಗಿ ಹಡಗಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1871ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಜನ ನಿಜವಾಗಿ ದೋಣಿ ಹಡಗುಗಳಲ್ಲಿ ವ್ಯಾಪಾರಕ್ಕೆ, ಪ್ರಯಾಣಕ್ಕೆ ಬಳಸುವ ಅಥವಾ ಬಳಸಬಹುದಾದ ನದಿಯೇ ಕಾನೂನಿನ ಕಣ್ಣಲ್ಲೂ ಹಡಗು ಹೋಗುವ ನದಿ. ಆ ಹಡಗಿಗೆ ಬೇಕಿದ್ದ ನೀರಿನ ಆಳ 2 ಅಡಿ. ಸಾಗುವವರನ್ನು ನೋಡಿ ನದಿಗೆ ಹೆಸರಿಟ್ಟ ಈ ತೀರ್ಪು ನನಗೆ ಬಹಳ ಇಷ್ಟ.

ಅದೇ ಕೋರ್ಟು 2012ರಲ್ಲಿ ಮೊಂಟಾನಾ ರಾಜ್ಯದ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನದಿಯನ್ನು ಇಡಿಯಾಗಿ ನೋಡಬೇಡಿ, ತುಂಡು ತುಂಡಾಗಿ ನೋಡಿ ಎಂದಿತು. ಮಿಸೌರಿ ನದಿಯಲ್ಲಿ ಗ್ರೇಟ್ ಫಾಲ್ಸ್ ಎಂಬ ಜಲಪಾತಗಳ ಸಾಲಿದೆ. 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ತಂಡ ಅಲ್ಲಿ ದೋಣಿ, ಸಾಮಾನು ಎಲ್ಲವನ್ನೂ ನೆಲದ ಮೇಲೆ ಎಳೆದುಕೊಂಡು ಹೋಗಬೇಕಾಯಿತು. ಅದರ ಹಿಂದೆ ಮುಂದೆ ನದಿ ಎಷ್ಟೇ ಸಲೀಸಾಗಿರಲಿ, ಆ ತುಂಡಿನಲ್ಲಿ ದೋಣಿ ಹೋಗುವುದಿಲ್ಲ. ಮ್ಯಾಪಿನಲ್ಲಿ ಉದ್ದಕ್ಕೆ ಎಳೆದ ಒಂದೇ ಗೆರೆ ಇಂಥ ಜಾಗಗಳನ್ನು ಮರೆಸುತ್ತದೆ.

ಇನ್ನು ಮೀನುಗಳು. ಪಾಸಬಲ್ ಎಂಬ ಪದವನ್ನು ನಿಜವಾದ ಕಾಳಜಿಯಿಂದ ಬಳಸುವವರು ಮೀನುಗಳ ಓಡಾಟ ಓದುವವರು ಎಂದೇ ಹೇಳುತ್ತೇನೆ. ರಸ್ತೆಯ ಕೆಳಗೆ ಹಳ್ಳ ಹಾಯಲು ಒಂದು ಮೋರಿ ಹಾಕುತ್ತಾರೆ. ಕಾರಿನವರಿಗೆ ದಾರಿ ಆಯಿತು, ನೀರಿಗೂ ದಾರಿ ಆಯಿತು. ವರ್ಷ ಕಳೆದಂತೆ ಮೋರಿಯ ಬಾಯಿಯ ಕೆಳಗೆ ಮಣ್ಣು ಕೊರೆದು, ಬಾಯಿ ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ. ಕೆಳಗೆ ಈಜುವ ಮೀನು ಇಳಿದು ಹೋಗುತ್ತದೆ. ಮೊಟ್ಟೆ ಇಡಲು ಮೇಲೆ ಬರುವ ಸಾಲ್ಮನ್‌ಗೆ ಅದೇ ಗೋಡೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಂಥ ಮೋರಿಗಳಿಂದ ತಮ್ಮ ಮೀನು ಹಿಡಿಯುವ ಹಕ್ಕಿಗೆ ಪೆಟ್ಟು ಬಿತ್ತು ಎಂದು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಕೋರ್ಟಿಗೆ ಹೋದವು. ಮೋರಿಗಳನ್ನು ಸರಿಪಡಿಸಿ ಎಂಬ 2013ರ ಆದೇಶ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು.

ಗಂಗೆಯ ಇಲಿಶ್ ಮೀನಿನ ಕಥೆಯೂ ಇದೇ. ಸಮುದ್ರದಿಂದ ಹೊರಟು ನದಿಯಲ್ಲಿ ಅಲಹಾಬಾದ್ ದಾಟಿಯೂ ಮೇಲೇರುತ್ತಿದ್ದ ಮೀನು ಅದು. 1975ರಲ್ಲಿ ಫರಕ್ಕಾ ಬ್ಯಾರೇಜ್ ಶುರುವಾದ ಮೇಲೆ ಮೇಲಿನ ಗಂಗೆಯಲ್ಲಿ ಇಲಿಶ್ ಕಾಣುವುದೇ ಅಪರೂಪವಾಯಿತು. ಹಡಗು ದಾಟಲು ಅಲ್ಲಿ ಲಾಕ್ ಗೇಟ್ ಇದೆ.

ಮೀನಿಗೆ ಏಣಿ ಕಟ್ಟಿದರೆ ಮುಗಿಯಿತು ಅನ್ನುವಂತೆಯೂ ಇಲ್ಲ. ಒಂದರ ಮೇಲೊಂದು ಕೊಳಗಳಿರುವ ಏಣಿಯನ್ನು ಸಾಲ್ಮನ್ ನೆಗೆದು ಹತ್ತುತ್ತದೆ. ಹಾವಿನಂಥ ಈಲ್ ಮರಿ ನೆಗೆಯಲಾರದು. ಅದಕ್ಕೆ ಒದ್ದೆಯಾದ, ಬ್ರಷ್ ಕೂದಲಿನಂಥ ಹಾಸು ಇರುವ ಇಳಿಜಾರು ಬೇಕು. ಅದರ ಮೇಲೆ ಅದು ತೆವಳಿಕೊಂಡು ಅಣೆಕಟ್ಟನ್ನೇ ಹತ್ತುತ್ತದೆ. ಪ್ರತಿಯೊಂದು ದೇಹವೂ ತನ್ನದೇ ದಾರಿ ಕೇಳುತ್ತದೆ.

ದಾರಿ ಸುಲಭ ಮಾಡುವುದು ಯಾವಾಗಲೂ ಒಳ್ಳೆಯದೇ ಎಂಬ ನಂಬಿಕೆಗೂ ಇಲ್ಲಿ ಒಂದು ಪರೀಕ್ಷೆ ಇದೆ. ನಯಾಗರ ಜಲಪಾತ ಸಾವಿರಾರು ವರ್ಷ ಉತ್ತರ ಅಮೆರಿಕದ ಮೇಲಿನ ದೊಡ್ಡ ಸರೋವರಗಳಿಗೆ ಮುಚ್ಚಿದ ಬಾಗಿಲಂತೆ ನಿಂತಿತ್ತು. ಅದನ್ನು ಬಳಸಿ ಹಡಗು ಹೋಗಲೆಂದು ವೆಲ್ಯಾಂಡ್ ಕಾಲುವೆ ತೋಡಿದರು, ಆಮೇಲೆ ಇನ್ನಷ್ಟು ಆಳ ಮಾಡಿದರು. ಹಡಗುಗಳ ಹಿಂದೆಯೇ ಸಮುದ್ರದ ಲ್ಯಾಂಪ್ರೆ ಬಂತು. ಬೇರೆ ಮೀನಿಗೆ ಬಾಯಿ ಕಚ್ಚಿ ರಕ್ತ ಹೀರುವ ಜೀವಿ. 1921ರಲ್ಲಿ ಈರೀ ಸರೋವರದಲ್ಲಿ ಕಂಡಿತು, 1938ರ ಹೊತ್ತಿಗೆ ಸುಪೀರಿಯರ್ ಸರೋವರವನ್ನೂ ಮುಟ್ಟಿತ್ತು. ಅಲ್ಲಿನ ಟ್ರೌಟ್ ಮೀನುಗಾರಿಕೆ ಕುಸಿದುಬಿತ್ತು. ಈಗ ಅಲ್ಲಿನ ಹೊಳೆಗಳಿಗೆ ಬೇಕೆಂದೇ ತಡೆ ಕಟ್ಟುತ್ತಾರೆ. ಗಿಡ್ಡ ಒಡ್ಡು, ತುದಿಯಲ್ಲಿ ಹೊರಚಾಚಿದ ಅಂಚು. ನೆಗೆಯುವ ಮೀನು ಅದನ್ನು ಹಾರಿ ಹೋಗುತ್ತದೆ. ಲ್ಯಾಂಪ್ರೆಗೆ ನೆಗೆಯಲು ಬಾರದು, ಅಲ್ಲೇ ನಿಲ್ಲುತ್ತದೆ. ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಮುಚ್ಚಿದ ದಾರಿ. ನಮ್ಮ ಜೀವಕೋಶಗಳೂ ಇದೇ ಕೆಲಸ ಮಾಡುತ್ತವೆ. ನೀರನ್ನು ಸರಸರ ಬಿಡುವ ಅಕ್ವಪೋರಿನ್ ಎಂಬ ಸಣ್ಣ ಕೊಳವೆಗಳು ಕೋಶದ ಪೊರೆಯಲ್ಲಿವೆ. ನೀರಿಗಿಂತ ಚಿಕ್ಕದಾದ ಪ್ರೋಟಾನನ್ನು ಅವು ಬಿಡುವುದಿಲ್ಲ. ಇವನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು.

ಪಾಸಬಲ್‌ಗೆ ಇನ್ನೊಂದು ಅರ್ಥವೂ ಇದೆಯಲ್ಲ. ಸುಮಾರಾಗಿದೆ, ಪರವಾಗಿಲ್ಲ, ನಡೆಯುತ್ತೆ. ಒಬ್ಬರ ಫ್ರೆಂಚ್ ಭಾಷೆ ಪಾಸಬಲ್ ಅಂದರೆ ಕೆಲಸ ಸಾಗುವಷ್ಟು ಬರುತ್ತದೆ ಎಂದರ್ಥ. ನಾಟಕ ಪಾಸಬಲ್ ಅಂದರೆ ಎದ್ದು ಬರುವಷ್ಟು ಕೆಟ್ಟದಾಗಿರಲಿಲ್ಲ. ಹಿಂದೆ ಇಂಗ್ಲಿಷಿನಲ್ಲಿ ಚಲಾವಣೆಯ ನಾಣ್ಯಕ್ಕೂ ಈ ಪದ ಬಳಸುತ್ತಿದ್ದರು. ಕನ್ನಡದಲ್ಲಿ ಈ ಮೂರನ್ನೂ 'ನಡೆ' ಒಂದೇ ಹೊತ್ತುಕೊಂಡಿದೆ. ಈ ದಾರಿಯಲ್ಲಿ ನಡೆಯಬಹುದು. ಈ ನೋಟು ನಡೆಯುತ್ತೆ. ಇಷ್ಟಾದರೆ ನಡೆಯುತ್ತೆ ಬಿಡಿ. ಇಂಗ್ಲಿಷಿನವರು ಗುಣದ ಮಾತಿಗೆ ಇಂಪಾಸಬಲ್ ಎಂದು ಹೇಳುವುದಿಲ್ಲ, ಅದು ದಾರಿಗೆ ಮಾತ್ರ. ನಾವು 'ನಡೆಯಲ್ಲ' ಎಂದು ಮೂರಕ್ಕೂ ಧಾರಾಳವಾಗಿ ಹೇಳುತ್ತೇವೆ. (ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಬೇರೆ ಇರುವ ಇಂಪ್ಯಾಸಿಬಲ್ (impassible) ಎಂಬ ಪದವೂ ಇದೆ, ನೋವು ತಟ್ಟದವನು ಎಂಬ ಅರ್ಥಕ್ಕೆ. ಅದರ ಮೂಲವೇ ಬೇರೆ. ಬರೆಯುವಾಗ ಎಚ್ಚರ ಬೇಕು.)

ಈ ಎರಡು ಅರ್ಥಗಳು, ದಾಟಬಹುದು ಮತ್ತು ಪರವಾಗಿಲ್ಲ ಎನ್ನುವವು, ಕಟ್ಟಡದ ಬಾಗಿಲಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಮನಶ್ಶಾಸ್ತ್ರಜ್ಞ ವಿಲಿಯಂ ವಾರೆನ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮೆಟ್ಟಿಲನ್ನು ಬರೀ ನೋಡಿ, ಕೈ ಊರದೆ ಹತ್ತಬಹುದೇ ಎಂದು ಹೇಳಿ ಅಂದರು. ಗಿಡ್ಡ ಇದ್ದವರು, ಎತ್ತರ ಇದ್ದವರು ಬೇರೆ ಬೇರೆ ಮೆಟ್ಟಿಲಿಗೆ 'ಆಗಲ್ಲ' ಎಂದರು. ಆದರೆ ಕಾಲಿನ ಉದ್ದಕ್ಕೆ ಹೋಲಿಸಿದರೆ ಎಲ್ಲರ ಗಡಿಯೂ ಒಂದೇ, ಕಾಲುದ್ದದ 0.88 ಪಾಲು. ಮೂರು ವರ್ಷದ ನಂತರ ಸುಜಾನ್ ವಾಂಗ್ ಜೊತೆ ಸೇರಿ ಬಾಗಿಲ ಸಂದಿಗಳ ಮೇಲೆ ಇದನ್ನೇ ಮಾಡಿದರು. ಸಂದಿ ಭುಜದ ಅಗಲದ 1.3 ಪಟ್ಟಿಗಿಂತ ಕಿರಿದಾದರೆ ಜನ ಮೈ ಓರೆ ಮಾಡಿ ನುಸುಳುತ್ತಾರೆ. ಸ್ಕೇಲು ಇಂಚಿನಲ್ಲಿ ಅಳೆಯುತ್ತದೆ, ನಾವು ನಮ್ಮ ಮೈಯಿಂದಲೇ ಅಳೆಯುತ್ತೇವೆ.

ಇದರಲ್ಲಿ ಇನ್ನೊಂದು ಮಾತು ಅಡಗಿದೆ. ಭುಜದಷ್ಟೇ ಅಗಲದ ಸಂದಿಯಲ್ಲೂ ಮನುಷ್ಯ ತೂರಬಹುದು. ಆದರೆ ನೆಮ್ಮದಿಯಿಂದ ಹೋಗಲು ಅದರ ಮೇಲೆ ಹತ್ತರಲ್ಲಿ ಮೂರು ಪಾಲಿನಷ್ಟು ಬಿಡುವು ಬೇಕು. ತೂರುವುದು ಒಂದು, ಹೋಗುವುದು ಇನ್ನೊಂದು.

ವೀಲ್‌ಚೇರ್‌ನಲ್ಲಿ ಇರುವವರು ಮೈ ಓರೆ ಮಾಡಲಾರರು. ಅವರೂ ಸೇರಿದಂತೆ ಅಂಗವಿಕಲರಿಗಾಗಿ ಅಮೆರಿಕ 1990ರಲ್ಲಿ ಎಡಿಎ (ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆಕ್ಟ್) ಎಂಬ ಕಾನೂನು ತಂದಿತು. ಅದರ ನಿಯಮದಂತೆ ಬಾಗಿಲು ತೆರೆದಾಗ ಕನಿಷ್ಠ 32 ಇಂಚು ಖಾಲಿ ಜಾಗ ಇರಬೇಕು. ಓಡಾಡುವ ಹಾದಿ ಕನಿಷ್ಠ 36 ಇಂಚು ಇರಬೇಕು. ಈ ಅಂಕಿಗಳಿಗಾಗಿ ಜನ ಬೀದಿಗೆ ಇಳಿದು ಹೋರಾಡಿದ್ದಾರೆ, ಅವುಗಳ ಬೆಲೆ ದೊಡ್ಡದು. ಆದರೂ ಅವು ಕನಿಷ್ಠದ ಅಂಕಿಗಳು. ಕಟ್ಟುವವರು ಎಷ್ಟೋ ಕಡೆ ಆ ಕನಿಷ್ಠವನ್ನೇ ಗುರಿ ಮಾಡಿಕೊಳ್ಳುತ್ತಾರೆ. 32 ಇಂಚಿನ ಬಾಗಿಲಲ್ಲಿ ಗಾಲಿ ತಳ್ಳುವ ಕೈಯ ಗೆಣ್ಣು ಚೌಕಟ್ಟಿಗೆ ತರಚದಂತೆ ಹೋಗಲು ಹುಷಾರಾಗಿರಬೇಕು. ಬಾಗಿಲು ಪಾಸಬಲ್, ಎರಡೂ ಅರ್ಥದಲ್ಲಿ. ದಾಟಬಹುದು, ಮತ್ತು ಸುಮಾರಾಗಿದೆ. ನಿಯಮ ಬರೆಯುವವರು ಮೊದಲ ಅರ್ಥವನ್ನು ಕೊಡಿಸಲು ಹೊರಟಿದ್ದರು. ಎರಡನೆಯದರಲ್ಲೇ ನಿಂತುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಇಬ್ಬರು ವೀಲ್‌ಚೇರ್‌ನವರು ಎದುರಾದರೆ 60 ಇಂಚು ಬೇಕು. ಕಿರಿದಾದ ಹಾದಿಯಲ್ಲಿ ಪ್ರತಿ 200 ಅಡಿಗೆ ಒಂದು ಕಡೆಯಾದರೂ ಅಷ್ಟು ಅಗಲ ಇರಲಿ ಎಂದು ಅದೇ ನಿಯಮ ಹೇಳುತ್ತದೆ. ಉಳಿದ ಕಡೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಹಾದಿ ಉದ್ದಕ್ಕೂ 60 ಇಂಚು ಇದ್ದರೆ ಇಬ್ಬರು ಗೆಳೆಯರು ಅಕ್ಕಪಕ್ಕ ಮಾತಾಡಿಕೊಂಡು ಹೋಗಬಹುದು, ಎದುರು ಬಂದವರಿಗಾಗಿ ಯಾರೂ ಹಿಂದಕ್ಕೆ ಸರಿಯಬೇಕಾಗಿಲ್ಲ. ಹೊಸದಾಗಿ ಕಟ್ಟುವ ಕಡೆ ಅಷ್ಟನ್ನೇ ಕೇಳಬೇಕು ಎನ್ನುವುದು ನನ್ನ ಮಾತು.